ಕತ್ತಲನ್ನು ಕಂಡವರಾರು?

ಆಷಾಢದ ಮಳೆ ಯಸಳೂರಿನ ಮೇಲೆ ಕವಿದು ಕುಳಿತಿದ್ದ ಒಂದು ಸಂಜೆ, ಪುಷ್ಪಗಿರಿಯ ಕಡೆಯ ಬೆಟ್ಟಗಳು ಮೂರು ದಿನಗಳಿಂದ ಮುಖವನ್ನೇ ತೋರದಿದ್ದಾಗ, ತೋಟಕ್ಕೆ ಹೋಗುವಂತಿಲ್ಲದೆ, ಜಗಲಿಯಲ್ಲಿ ಕುಳಿತರೆ ನೋಡಲು ಮಂಜಲ್ಲದೆ ಬೇರೇನೂ ಇಲ್ಲದೆ, ನಾನು ಒಳಗೆ ಬಂದು, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದು ರಜೆಗೆಂದು ಬಂದಿದ್ದ ಮೊಮ್ಮಗನ ಬೆನ್ನ ಹಿಂದೆ ನಿಂತು ಅವನ ಆಟವನ್ನು ನೋಡತೊಡಗಿದೆನು. ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ವ್ಯೋಮನೌಕೆ ಶತ್ರುವನ್ನು ಬೆನ್ನಟ್ಟಿ ಹೋಗುತ್ತಿದ್ದುದು ಫಕ್ಕನೆ ಮಗ್ಗುಲಿಗೆ ತಿರುಗಿತು. ತಿರುಗಿದೊಡನೆಯೇ ಬಣ್ಣಗಳೆಲ್ಲ ಬೂದಿಯಾದವು. ಅಂಚುಗಳಿಂದ ಕಪ್ಪು ಒಳನುಗ್ಗಿತು. ನಡುವೆ ನಾಣ್ಯದಷ್ಟಗಲದ ಬೆಳಕು ಉಳಿದು, ಅದೂ ಆರಿತು. ಯಾರೋ ಏದುಸಿರು ಬಿಡುವ ಸದ್ದು ಮಾತ್ರ ಕೇಳುತ್ತಿತ್ತು. ಹುಡುಗನು ನಿರ್ವಿಕಾರನಾಗಿ ಕೀಲಿಗಳನ್ನು ಬಿಟ್ಟು, ಪಕ್ಕದ ತಟ್ಟೆಯಲ್ಲಿದ್ದ ಹಲಸಿನ ಹಪ್ಪಳಕ್ಕೆ ಕೈ ಹಾಕಿದನು.

“ಏನಾಯಿತೋ?” ಎಂದೆನು.

“ಪೈಲಟ್‌ಗೆ ಪ್ರಜ್ಞೆ ತಪ್ಪಿದೆ ತಾತ. ಜಿ ಜಾಸ್ತಿಯಾಯ್ತು. ಸ್ವಲ್ಪ ಹೊತ್ತು ಕಾಯ್ಬೇಕು.”

ನನಗೆ ಕುತೂಹಲ ಹುಟ್ಟಿಸಿದ್ದು ಆ ಕತ್ತಲೆಗಿಂತ ಹೆಚ್ಚಾಗಿ ಅವನ ವ್ಯಾಕರಣ. ಒಂದು ನಿಮಿಷದ ಹಿಂದೆ ಶತ್ರುನೌಕೆಯೊಂದು ಸಿಡಿದಾಗ ಅವನು “ಹೊಡೆದೆ” ಎಂದು ಕೂಗಿದ್ದನು. ಅಲ್ಲಿ ಕರ್ತೃಪದ ‘ನಾನು’. ಈಗ ಕಷ್ಟ ಬಂದಾಗ ಕರ್ತೃಪದ ‘ಪೈಲಟ್’. ಮಾಡಿದ್ದು ತಾನು, ಅನುಭವಿಸಿದ್ದು ಇನ್ನೊಬ್ಬ. ಕರ್ತೃತ್ವ, ಭೋಕ್ತೃತ್ವಗಳೆರಡೂ ಆತ್ಮನ ಮೇಲೆ ಬಂದು ಕುಳಿತ ಆರೋಪಗಳೆಂದು ವೇದಾಂತಿಗಳು ಜೀವಮಾನವಿಡೀ ಸಾಧನೆ ಮಾಡಿ ಅರಿಯಲೆಳಸುವುದರಲ್ಲಿ ಅರ್ಧವನ್ನು, ತನಗೆ ಅನುಕೂಲವಾದ ಅರ್ಧವನ್ನು, ನನ್ನ ಮೊಮ್ಮಗನು ಹಪ್ಪಳ ತಿನ್ನುತ್ತ ಸಾಧಿಸಿಬಿಟ್ಟಿದ್ದನು.

ವಿಷಯವನ್ನು ಅರಿಯದೆ ತತ್ತ್ವ ಹೇಳುವುದು ಮುದುಕರ ಚಾಳಿಯಾದುದರಿಂದ, ಆ ರಾತ್ರಿಯೂ ಮರುದಿನವೂ ಅವನಿಂದ ತಿಳಿದಷ್ಟನ್ನೂ, ನನ್ನಲ್ಲಿರುವ ಪುಸ್ತಕಗಳಿಂದ ತಿಳಿದಷ್ಟನ್ನೂ ಕೂಡಿಸಿ ನೋಡಿದೆನು. ವೇಗಕ್ಕೆ ಭಾರವಿಲ್ಲ. ಯಸಳೂರಿನ ಈ ಜಗಲಿಯೇ ಭೂಮಿಯೊಡನೆ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಾಭಿಮುಖವಾಗಿ ಧಾವಿಸುತ್ತಿದ್ದರೂ ಲೋಟದ ಕಾಫಿ ತುಳುಕುವುದಿಲ್ಲ. ಬಿಸಿಲೆ ಘಾಟಿಯ ತಿರುವಿನಲ್ಲಿ ಬಸ್ಸು ಎತ್ತಿನಗಾಡಿಗಿಂತ ತುಸು ಬೇಗ ಹೊರಳಿದರೂ ನಾವು ಪಕ್ಕದವರ ಹೆಗಲ ಮೇಲೆ ಬೀಳುತ್ತೇವೆ. ಭಾರವಿರುವುದು ವೇಗವು ಬದಲಾಗುವಾಗ. ಭೂಮಿ ನಿತ್ಯವೂ ನಮ್ಮ ಮೇಲೆ ಹೊರಿಸಿರುವ ಭಾರ 1 ಜಿ ಎಂದಿಟ್ಟುಕೊಂಡರೆ, 5 ಜಿ ತಿರುವಿನಲ್ಲಿ ಅರುವತ್ತು ಕಿಲೋ ತೂಗುವ ಮನುಷ್ಯನು ಮುನ್ನೂರು ಕಿಲೋ ತೂಗುವನು. ನಮ್ಮ ತೋಟದ ಲೆಕ್ಕದಲ್ಲಿ ಹೇಳುವುದಾದರೆ, ಐವತ್ತು ಕಿಲೋದ ಆರು ಕಾಫಿ ಮೂಟೆ. 9 ಜಿಯಲ್ಲಿ ಅವನ ತಲೆಯೊಂದೇ ಹತ್ತಿರ ಹತ್ತಿರ ಒಂದು ಮೂಟೆಯಷ್ಟಾಗುತ್ತದೆ.

ಆದರೆ ಪ್ರಜ್ಞೆ ತಪ್ಪುವುದು ತಲೆಯ ಭಾರದಿಂದಲ್ಲ, ನೆತ್ತರಿನ ಭಾರದಿಂದ. ಹೃದಯಕ್ಕೂ ಕಣ್ಣಿಗೂ ನಡುವೆ ಸುಮಾರು ಮೂವತ್ತು ಸೆಂಟಿಮೀಟರ್ ಎತ್ತರವಿದೆ. ಅಷ್ಟು ಎತ್ತರಕ್ಕೆ ರಕ್ತವನ್ನು ಏರಿಸಲು, ಕುಳಿತಿರುವ ನಮ್ಮ ಹೃದಯವು ತನ್ನಲ್ಲಿರುವ ಸುಮಾರು 100 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಇಪ್ಪತ್ತಮೂರರಷ್ಟನ್ನು ತೆರಬೇಕು. ಭಾರ ಇಮ್ಮಡಿಯಾದರೆ ಈ ಸುಂಕವೂ ಇಮ್ಮಡಿ, ನಾಲ್ಮಡಿಯಾದರೆ ನಾಲ್ಮಡಿ. ಅಲ್ಲಿಗೆ ಬೊಕ್ಕಸ ಬರಿದು. ಕಣ್ಣಿನೊಳಗೆ ಅದರದೇ ಒಂದು ಒತ್ತಡವಿದ್ದು ಒಳಬರುವ ರಕ್ತವನ್ನು ಅದು ತಡೆಯುವುದರಿಂದ, ಮಿದುಳಿಗಿಂತ ಮೊದಲು ಅಕ್ಷಿಪಟಲ ಸೊರಗುತ್ತದೆ. ಆದಕಾರಣವೇ ಮೊದಲು ಬಣ್ಣ ಹೋಗುವುದು, ಆಮೇಲೆ ಅಂಚು ಹೋಗುವುದು, ಆಮೇಲೆ ಎಚ್ಚರವಿದ್ದೂ ಕುರುಡಾಗುವುದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 57 ಸುರಂಗಗಳನ್ನು ರೈಲಿನ ಕೊನೆಯ ಡಬ್ಬಿಯಲ್ಲಿ ಕುಳಿತು ದಾಟಿದವರಿಗೆ, ಹಿಂದೆ ಉಳಿದ ಸುರಂಗದ ಬಾಯಿ ಬಿಲ್ಲೆಯಾಗಿ, ಚುಕ್ಕಿಯಾಗಿ, ಇಲ್ಲವಾಗುವ ಆ ಬಗೆ ಪರಿಚಿತವೇ ಆಗಿದೆ. ಇನ್ನೂ ತಿರುವು ಬಿಗಿಯಾದರೆ ಮಿದುಳಿನ ಸರದಿ. ಅದಕ್ಕೆ ಸುಮಾರು ಐದು ಸೆಕೆಂಡುಗಳಿಗೆ ಸಾಲುವಷ್ಟೇ ಪ್ರಾಣವಾಯುವಿನ ಉಳಿತಾಯವಿದೆ. ಕಾಲು ಹೊಟ್ಟೆಗಳನ್ನು ಬಿಗಿಯುವ ಉಡುಪು ತೊಟ್ಟು, ಸ್ನಾಯುಗಳನ್ನು ಸೆಟೆಸಿ, ಉಸಿರನ್ನು ಹಿಡಿದು ಹಿಡಿದು ಬಿಡುವ ಅಭ್ಯಾಸದಿಂದ ಯುದ್ಧವಿಮಾನದ ಚಾಲಕರು 8 ಅಥವಾ 9 ಜಿವರೆಗೆ ತಡೆಯುತ್ತಾರೆ. ಅಂತರಿಕ್ಷಕ್ಕೆ ಹೋಗುವವರನ್ನು ಅಂಗಾತ ಒರಗಿಸಿ ಕೂರಿಸುವುದೂ ಇದಕ್ಕಾಗಿಯೇ: ಹೃದಯ ಕಣ್ಣುಗಳು ಒಂದೇ ಮಟ್ಟಕ್ಕೆ ಬಂದರೆ ಏರಬೇಕಾದ ಎತ್ತರವೇ ಇಲ್ಲದಾಗುತ್ತದೆ. ವ್ಯೋಮದ ಆಟಗಳಲ್ಲಿ ಸ್ಟಾರ್ ಸಿಟಿಜನ್, ಎಲೀಟ್ ಡೇಂಜರಸ್, ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಮೊದಲಾದವು ಒಂದೊಂದು ಪ್ರಮಾಣದಲ್ಲಿ ಇದನ್ನು ಅನುಕರಿಸುತ್ತವೆಯಂತೆ. ಲೆಕ್ಕದಲ್ಲಿ ಅವಕ್ಕೆ ದೊಡ್ಡ ತಪ್ಪು ಹೊರಿಸುವ ಕಾರಣ ನನಗೆ ಕಾಣಲಿಲ್ಲ. ತಪ್ಪು ಬೇರೆ ಕಡೆ ಇದೆ.

ಬೆಂಗಳೂರಿನಲ್ಲಿ, ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿ, ವಾಯುಸೇನೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. 1957ರಲ್ಲಿ ವೈಮಾನಿಕ ವೈದ್ಯಶಾಲೆಯಾಗಿ ಆರಂಭವಾದದ್ದು. ಅಲ್ಲಿ ಮನುಷ್ಯನನ್ನು ಉದ್ದವಾದ ತೋಳೊಂದರ ತುದಿಯ ಗೂಡಿನಲ್ಲಿ ಕೂರಿಸಿ ಗರಗರನೆ ತಿರುಗಿಸುವ ಯಂತ್ರವುಂಟು. 1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ಹೊರಟ ರಾಕೇಶ್ ಶರ್ಮರೂ, ಅವರೊಡನೆ ತರಬೇತಾದ ರವೀಶ್ ಮಲ್ಹೋತ್ರರೂ ಪರೀಕ್ಷೆಗೊಳಗಾದದ್ದು ಆ ಸಂಸ್ಥೆಯಲ್ಲೇ. ಭಾರತದ ಗಗನಯಾನ ಯೋಜನೆಯ ನಾಲ್ವರು ಯಾತ್ರಿಗಳೂ ಆಯ್ಕೆಯಾದದ್ದು ಅಲ್ಲಿಯೇ. ಇಂಥ ಯಂತ್ರಗಳಲ್ಲಿ ಪ್ರಜ್ಞೆ ತಪ್ಪಿದವರನ್ನು ಕುರಿತು ಲೋಕದ ವೈದ್ಯರು ದಶಕಗಳಿಂದ ಬರೆದಿಟ್ಟಿರುವ ವೃತ್ತಾಂತವೊಂದು ನನ್ನನ್ನು ಆ ಮಳೆಯ ರಾತ್ರಿ ನಿದ್ರೆಗೆಡಿಸಿತು. ಸುಮಾರು ಹನ್ನೆರಡು ಸೆಕೆಂಡು ಆ ಮನುಷ್ಯನು ಪೂರ್ತಿ ಇಲ್ಲವಾಗಿರುತ್ತಾನೆ. ತಲೆ ಜೋಲುತ್ತದೆ, ಕೈಕಾಲು ಅದುರುತ್ತವೆ. ಆಮೇಲೆ ಹೆಚ್ಚುಕಡಮೆ ಅಷ್ಟೇ ಹೊತ್ತು, ಕಣ್ಣು ತೆರೆದಿದ್ದರೂ ಎಲ್ಲಿದ್ದೇನೆಂಬುದು ತಿಳಿಯದೆ ಕುಳಿತಿರುತ್ತಾನೆ. ಕೆಲವರು ಈ ನಡುವೆ ಒಂದು ಕಿರುಗನಸನ್ನೂ ಕಾಣುತ್ತಾರೆ. ಅನೇಕರಾದರೋ, ಎಚ್ಚತ್ತ ಮೇಲೆ, ತಮಗೆ ಪ್ರಜ್ಞೆ ತಪ್ಪಿತ್ತೆಂಬುದನ್ನೇ ಅರಿಯರು. ಚಿತ್ರೀಕರಿಸಿದ್ದನ್ನು ತೋರಿಸಿ, ಜೋತುಬಿದ್ದ ಅವರದೇ ಮುಖವನ್ನು ಅವರಿಗೆ ಕಾಣಿಸಿದ ಮೇಲೆ ಒಪ್ಪಿಕೊಳ್ಳುತ್ತಾರೆ.

ನಿದ್ರೆಗೆಟ್ಟದ್ದೇಕೆಂದರೆ, ನಾನು ಕಲಿತ ವೇದಾಂತದ ಒಂದು ಪ್ರಧಾನ ಯುಕ್ತಿ ನಿಂತಿರುವುದು ಎಚ್ಚತ್ತವನ ಸಾಕ್ಷ್ಯದ ಮೇಲೆ. ಗಾಢನಿದ್ರೆಯಿಂದ ಎದ್ದವನು, ಸುಖವಾಗಿ ಮಲಗಿದ್ದೆ, ಏನೊಂದನ್ನೂ ಅರಿಯಲಿಲ್ಲ ಎನ್ನುತ್ತಾನೆ. ಅರಿಯದಿದ್ದುದನ್ನು ನೆನೆಯಬೇಕಾದರೆ ಆ ಅರಿಯದಿರುವಿಕೆಯನ್ನು ಅನುಭವಿಸಿದವನೊಬ್ಬನು ಆಗಲೂ ಇದ್ದಿರಬೇಕು. ಆತನೇ ಸಾಕ್ಷಿ, ಎಂದೂ ಆರದ ದೀಪ. ಇದಕ್ಕೆ ನೈಯಾಯಿಕರ ಆಕ್ಷೇಪಣೆ ಹಳೆಯದು: ಎದ್ದವನು ಹೇಳುವುದು ನೆನಪಲ್ಲ, ಊಹೆ, ಸೂರ್ಯ ಮೇಲೇರಿರುವುದನ್ನೂ ಮೈ ಹಗುರಾಗಿರುವುದನ್ನೂ ಕಂಡು, ನಡುವೆ ಅರಿವಿಲ್ಲದ ಕಾಲವೊಂದು ಕಳೆಯಿತೆಂದು ಅನುಮಾನಪ್ರಮಾಣದಿಂದ ತಿಳಿಯುತ್ತಾನೆ, ಅಷ್ಟೆ. ಚಿಕ್ಕಂದಿನಲ್ಲಿ ಈ ನೈಯಾಯಿಕರು ನನಗೆ ಒಣ ತಾರ್ಕಿಕರಾಗಿ ತೋರಿದ್ದರು. ತನ್ನ ಮೂರ್ಛೆಯನ್ನು ತಾನು ನಂಬದೆ, ಪರದೆಯ ಮೇಲೆ ಕಂಡು ಊಹಿಸಿ ಒಪ್ಪಿಕೊಳ್ಳುವ ಆ ವಿಮಾನಚಾಲಕನನ್ನು ನೆನೆದರೆ, ಅವರ ಪಕ್ಷಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಕ್ಕದು ಎಂದು ಒಪ್ಪಲೇಬೇಕಾಗಿದೆ.

ವೇದಾಂತಿ ಸುಮ್ಮನಿರುವವನಲ್ಲ. ನೆನಪು ಅಂತಃಕರಣದ ಧರ್ಮ, ಸಾಕ್ಷಿಯದಲ್ಲ. ಅಂತಃಕರಣ ಲಯವಾಗಿದ್ದಾಗ ನೆನಪು ಉಳಿಯದಿದ್ದರೆ ಸಾಕ್ಷಿಗೇನು ಊನ, ಎನ್ನುತ್ತಾನೆ. ಹಾಗೆನ್ನಲು ಅವನಿಗೆ ಅಧಿಕಾರವುಂಟು. ಆದರೆ ನೆನಪನ್ನೇ ಆಧಾರವಾಗಿ ಮುಂದಿಟ್ಟವನು ಈಗ ನೆನಪು ಬೇಡವೆಂದರೆ, ಸಿದ್ಧಾಂತ ಉಳಿಯಿತು, ಪ್ರಮಾಣ ಹೋಯಿತು. (ಮಾಧ್ವರ ಸಾಕ್ಷಿಯ ಕಥೆ ಬೇರೆ, ಅದನ್ನಿಲ್ಲಿ ಎಳೆದರೆ ಈ ಮಳೆಗಾಲ ಸಾಲದು.) ಇಲ್ಲಿ ಬಾದರಾಯಣರ ಜಾಗರೂಕತೆ ನನಗೆ ಆಶ್ಚರ್ಯವುಂಟುಮಾಡುತ್ತದೆ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಅವರು ಮೂರ್ಛೆಯನ್ನು ಜಾಗ್ರತ್ತಿಗೂ ಸ್ವಪ್ನಕ್ಕೂ ಸುಷುಪ್ತಿಗೂ ಮರಣಕ್ಕೂ ಸೇರಿಸದೆ ಪ್ರತ್ಯೇಕವಾಗಿ ಎತ್ತಿಟ್ಟು, ಅರ್ಧಸಂಪತ್ತಿ, ಎಂದರೆ ಅರ್ಧಮಾತ್ರದ ಲಯ, ಎಂದರು. ಭಾಷ್ಯ ಬರೆದ ಶಂಕರರೋ ವೈದ್ಯನ ಕಣ್ಣಿನಿಂದ ನೋಡಿದ್ದಾರೆ: ಮಲಗಿದವನ ಮುಖ ಪ್ರಸನ್ನ, ಉಸಿರು ಸಮ, ಕಣ್ಣು ಮುಚ್ಚಿದ್ದು, ಮೈ ನಿಶ್ಚಲ, ಮೂರ್ಛಿತನ ಮೈ ನಡುಗುತ್ತದೆ, ಮುಖ ಭಯಾನಕ, ಕಣ್ಣು ಬಿಟ್ಟದ್ದು ಬಿಟ್ಟಂತೆಯೇ. ನಿದ್ರೆ ಶ್ರಮದಿಂದ ಬರುವುದು, ಮೂರ್ಛೆ ಒನಕೆಪೆಟ್ಟಿನಂಥದರಿಂದ. ಯಂತ್ರದ ಗೂಡಿನೊಳಗಿನ ಚಿತ್ರವನ್ನು ನೋಡಿದಂತೆಯೇ ಅವರು ಬರೆದಿದ್ದಾರೆ. ಆದಮೇಲೆ, ನಿದ್ರೆಯ ದೃಷ್ಟಾಂತದಿಂದ ಪಡೆದ ಸಾಕ್ಷಿಯನ್ನು ನಾವು ಮೂರ್ಛೆಗೂ ಪರೀಕ್ಷಿಸದೆ ಒಯ್ಯುವುದು ಆಚಾರ್ಯರ ಎಚ್ಚರಿಕೆಗೆ ಒಪ್ಪುವಂಥದಲ್ಲ.

ಈಗ ಮೊಮ್ಮಗನ ಕಪ್ಪು ಪರದೆಗೆ ಬರೋಣ. ಅದು ಕತ್ತಲೆಯ ಚಿತ್ರ; ಚಿತ್ರವೆಂದಮೇಲೆ ನೋಡುವವನೊಬ್ಬನು ಬೇಕು; ಹುಡುಗನು ಎಚ್ಚತ್ತಿದ್ದು, ಕತ್ತಲೆಯ ಸೆಕೆಂಡುಗಳನ್ನು ಎಣಿಸುತ್ತ, ಪೈಲಟ್‌ನ ಇಲ್ಲದಿರುವಿಕೆಯನ್ನು ಇದ್ದುಕೊಂಡೇ ನೋಡುತ್ತಿದ್ದನು. ಆಟ ಕಟ್ಟಿದ ಪರದೇಶದ ಎಂಜಿನಿಯರುಗಳು ತಮಗರಿವಿಲ್ಲದೆಯೇ ಸಾಕ್ಷಿವಾದಕ್ಕೆ ಸಹಿ ಹಾಕಿದ್ದಾರೆ. ಕೀಲಿಗಳು ಮಾತು ಕೇಳದಂತೆ ಮಾಡಿದ್ದು ನಿಜಕ್ಕೆ ಸಮೀಪ; ಆ ಹೊತ್ತನ್ನು ಅವನಿಗೆ ಕಾಣಿಸಿದ್ದು ಮಾತ್ರ ಸುಳ್ಳು.

“ಈ ಭಾರವನ್ನು ತೆಗೆದುಬಿಟ್ಟರೆ ಆಟ ಸಲೀಸಲ್ಲವೆ?” ಎಂದು ಕೇಳಿದ್ದಕ್ಕೆ ಅವನು, “ಚಪ್ಪೆಯಾಗತ್ತೆ ತಾತ” ಎಂದನು. ಗುರುವೆಂದರೆ ಭಾರವೆಂಬ ಅರ್ಥವೂ ಉಂಟಷ್ಟೆ. ನಮ್ಮ ಛಂದಸ್ಸು ಗುರುವಿಗೆ ಎರಡು ಮಾತ್ರೆ ಕೊಟ್ಟು ಲಘುವಿಗೆ ಒಂದನ್ನು ಕೊಡುತ್ತದೆ, ಬರೀ ಲಘುಗಳಿಂದ ಹಾಡು ನಡೆಯದೆಂದು ಬಲ್ಲುದು. ಆದರೆ ನಮ್ಮ ಹಾಸನ ಜಿಲ್ಲೆಯಲ್ಲೇ, ಈ ಮಳೆನಾಡಿನಿಂದ ಪೂರ್ವದ ಬಯಲಲ್ಲಿ, ಭಾರವನ್ನು ಚಪ್ಪೆಯ ಎದುರುಪದವಾಗಿ ಅಲ್ಲದೆ ಬಂಧನವಾಗಿ ಕಂಡ ಜೈನಮತದ ಮಹಾಕ್ಷೇತ್ರವಿದೆ. ಶ್ರವಣಬೆಳಗೊಳದಲ್ಲಿ 981ರ ಸುಮಾರಿಗೆ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರರು. ಅವರ ಹೆಸರಿನಲ್ಲಿ ಬಂದಿರುವ ದ್ರವ್ಯಸಂಗ್ರಹವು ಜೀವದ ಲಕ್ಷಣಗಳನ್ನು ಹೇಳುವಾಗ, ಮೇಲಕ್ಕೆ ಹೋಗುವುದೇ ಅದರ ಸ್ವಭಾವವೆನ್ನುತ್ತದೆ. ತತ್ತ್ವಾರ್ಥಸೂತ್ರದ ಹತ್ತನೆಯ ಅಧ್ಯಾಯ ಇದಕ್ಕೆ ಸೋರೆಬುರುಡೆಯ ಹೋಲಿಕೆ ಕೊಡುತ್ತದೆ. ಮಣ್ಣು ಮೆತ್ತಿದ ಬುರುಡೆ ನೀರಿನ ತಳಕ್ಕಿಳಿಯುವುದು. ಮಣ್ಣು ಕರಗಿದಂತೆ ತಾನೇ ಮೇಲಕ್ಕೇಳುವುದು. ಆ ಮಣ್ಣೇ ಕರ್ಮ. ಹಿಂದೆ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಸಿಕೊಂಡು ಕೆರೆಯಲ್ಲಿ ಈಜು ಕಲಿತ ನನ್ನಂಥವರಿಗೆ ಈ ಉಪಮೆಗೆ ಟೀಕೆ ಬೇಕಿಲ್ಲ. ಹಾಗೆ ಮೇಲೆದ್ದ ಸಿದ್ಧರ ಎಂಟು ಗುಣಗಳಲ್ಲಿ ಒಂದರ ಹೆಸರು ಅಗುರುಲಘುತ್ವ. ಭಾರವಿದ್ದರೆ ಕಬ್ಬಿಣದ ಗುಂಡಿನಂತೆ ಕೆಳಗೆ ಬಿದ್ದಾರು, ಹಗುರವಿದ್ದರೆ ಎಕ್ಕದ ಅರಳೆಯಂತೆ ಗಾಳಿಗೆ ಅಲೆದಾರು; ಅವರು ಎರಡೂ ಅಲ್ಲ, ಎನ್ನುತ್ತಾರೆ ವ್ಯಾಖ್ಯಾನಕಾರರು.

ಅಂತರಿಕ್ಷಯಾತ್ರಿಯ ತೇಲುವಿಕೆಯನ್ನು ಕಂಡು, ಇದೇ ಅಗುರುಲಘುತ್ವವೆಂದು ಯಾವನಾದರೂ ಉತ್ಸಾಹಿ ಬರೆದಾನು. ಅಲ್ಲ. ನೆಲದಿಂದ 400 ಕಿಲೋಮೀಟರ್ ಎತ್ತರದಲ್ಲಿಯೂ ಭೂಮಿಯ ಸೆಳೆತ ಇಲ್ಲಿರುವುದರ ಹತ್ತರಲ್ಲಿ ಸುಮಾರು ಒಂಬತ್ತು ಪಾಲಿನಷ್ಟು ಇದ್ದೇ ಇದೆ, ಒಂದು ಪಾಲಷ್ಟೇ ಕಡಮೆ. ನೌಕೆಯೂ ಅದರೊಳಗಿನವನೂ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ಭಾರ ತೋರುವುದಿಲ್ಲ. ಬುರುಡೆಯ ಮಣ್ಣು ಕರಗಿಲ್ಲ; ಮಣ್ಣೂ ಬುರುಡೆಯೂ ಕೂಡಿ ಬೀಳುತ್ತಿವೆ. ಗಗನಯಾನದ ನಾಲ್ವರಲ್ಲಿ ಒಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಅಂತರಿಕ್ಷಕ್ಕೆ ಹೊರಟು ಜುಲೈ 15ರಂದು ಮರಳಿದ ಮೇಲೆ, ಕೈಗೆ ತೆಗೆದುಕೊಂಡ ಮೊಬೈಲ್ ಫೋನು ಭಾರವೆನಿಸಿತೆಂದೂ, ಹಾಸಿಗೆಯ ಪಕ್ಕ ಗಾಳಿಯಲ್ಲಿ ತೇಲೀತೆಂದು ಬಿಟ್ಟ ಲ್ಯಾಪ್‌ಟಾಪು ನೆಲಕ್ಕೆ ಬಿತ್ತೆಂದೂ ಹೇಳಿದರು. ಮೂರೇ ವಾರದಲ್ಲಿ ಮೈ ಮರೆತದ್ದನ್ನು ಭೂಮಿ ಮರೆತಿರಲಿಲ್ಲ. ಸಿದ್ಧನಿಗೆ ಭಾರ ಬೇಡ, ಅವನಿಗೆ ಮಾಡಬೇಕಾದ್ದೇನೂ ಉಳಿದಿಲ್ಲ. ಆದರೆ ತಿರುಗುವುದೋ ಬಿಡುವುದೋ ಎಂದು ಆಯ್ದುಕೊಳ್ಳಬೇಕಾದವನಿಗೆ, ತಿರುವಿಗೆ ಮೈಯಿಂದ ಬೆಲೆ ತೆರಬೇಕಾಗಿಲ್ಲವೆಂದಾದರೆ ಆಯ್ಕೆಯೇ ಹುಡುಗಾಟವಾಗುತ್ತದೆ. ನನ್ನ ಮೊಮ್ಮಗನು ಚಪ್ಪೆ ಎಂದದ್ದು ಇದನ್ನೇ ಇರಬೇಕು.

ಕರೆಂಟು ಹೋಗಿ, ಲ್ಯಾಪ್‌ಟಾಪಿನ ಬ್ಯಾಟರಿಯೂ ಮುಗಿದು ಅವನು ಏಳಹೋದಾಗ, ಚಕ್ಕಂಬಕ್ಕಳ ಹಾಕಿ ಎರಡು ಗಂಟೆ ಕುಳಿತಿದ್ದ ಕಾಲು ಜೋಮು ಹಿಡಿದು ಗೋಡೆಗೆ ಆತುಕೊಂಡನು. ಪೈಲಟ್‌ನ ಕಾಲಿಗಿಳಿದ ನೆತ್ತರನ್ನು ಅಷ್ಟು ಹೊತ್ತು ಲೆಕ್ಕ ಹಾಕಿದವನಿಗೆ ತನ್ನದರ ಲೆಕ್ಕ ತಪ್ಪಿತ್ತು. ಆ ಕತ್ತಲೆಯಲ್ಲಿ ನನಗೆ ತೋರಿದ್ದನ್ನು ಹೇಳಿದೆನು: ನಿಜವನ್ನೇ ಅನುಕರಿಸಬೇಕಾದರೆ ಕಪ್ಪು ಪರದೆ ಬೇಡ; ಬೆಳಕು ಚುಕ್ಕಿಯಾಗಿ ಆರುವವರೆಗೆ ತೋರಿಸಲಿ, ಆಮೇಲಿನ ಕಾಲ್ನಿಮಿಷವನ್ನು ಆಟಗಾರನ ಪಾಲಿಗೆ ಇಲ್ಲವೇ ಇಲ್ಲವೆಂಬಂತೆ ಕತ್ತರಿಸಿಬಿಡಲಿ; ಮರುಕ್ಷಣ ನೌಕೆ ಬೇರೆಲ್ಲೋ, ಶತ್ರು ಬೇರೆಲ್ಲೋ, ಗಡಿಯಾರ ಮಾತ್ರ ಮುಂದೆ ಹೋಗಿರಲಿ.

ಅವನು ಕಾಲು ತಿಕ್ಕುತ್ತ ಸ್ವಲ್ಪ ಹೊತ್ತು ಯೋಚಿಸಿದನು. “ಹಂಗೆ ಮಾಡಿದ್ರೆ ಯಾರೂ ಒಪ್ಪಲ್ಲ ತಾತ,” ಎಂದನು. “ನಮಗೆ ಪ್ರಜ್ಞೆ ತಪ್ಪೇ ಇಲ್ಲ, ಆಟದಲ್ಲೇ ಏನೋ ದೋಷ ಇದೆ ಅಂತಾರೆ.”