ಸೀಟ್ ಬೆಲ್ಟ್ ಮತ್ತು ಸೂಲಗಿತ್ತಿ

ಎರಡನೆಯ ಮಗಳ ನಾಮಕರಣದ ದಿನ, ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದಾಗ, ನಮ್ಮ ನೆಂಟರಲ್ಲೊಬ್ಬರು, ಮಕ್ಕಳ ಡಾಕ್ಟರು, ಎಲ್ಲರಿಗೂ ಕೇಳುವಂತೆ ಹೇಳಿದರು: “ಮಗೂಗೆ ಸೀಟ್ ಬೆಲ್ಟ್ ಹಾಕದೆ ಕಾರು ಓಡಿಸಿದ್ದೀಯಮ್ಮ ನೀನು. ಏನೂ ಆಗಲಿಲ್ಲ ಅಂದ ಮಾತ್ರಕ್ಕೆ ಸರಿ ಮಾಡಿದೆ ಅಂತಲ್ಲ.” ಮಗು ನನ್ನ ತೊಡೆಯ ಮೇಲೆ ಮಲಗಿತ್ತು. ಹನ್ನೆರಡು ದಿನಗಳ ಹಿಂದೆ ಅದು ಬನಶಂಕರಿಯ ನಮ್ಮ ಮನೆಯಲ್ಲೇ, ಇಬ್ಬರು ಮಿಡ್‌ವೈಫ್‌ಗಳ ಕೈಯಲ್ಲಿ ಹುಟ್ಟಿತ್ತು. ಅಂದು ಬಂದ ಸಿಟ್ಟು ಐದು ವರ್ಷವಾದರೂ ಇಳಿದಿಲ್ಲ. ಅದು ಬರೀ ಅವಮಾನದ ಸಿಟ್ಟಾಗಿದ್ದರೆ ಇಷ್ಟು ದಿನ ಉಳಿಯುತ್ತಿರಲಿಲ್ಲ. ಅವರ ಎರಡನೆಯ ವಾಕ್ಯ ನಿಜ ಎಂಬುದು ನನ್ನನ್ನು ಕಾಡುತ್ತಿದೆ.

ನನ್ನ ಪರ ನಿಂತವರ ಮಾತು ನನಗೆ ಉಪಯೋಗಕ್ಕೆ ಬರಲಿಲ್ಲ. ಹಿಂದಿನವರಿಗೆ ಎಲ್ಲ ಗೊತ್ತಿತ್ತು ಎಂದರು ಕೆಲವರು. ಹಸು ಆಸ್ಪತ್ರೆಗೆ ಹೋಗುತ್ತದೆಯೇ ಎಂದರು ಕೆಲವರು. ನಿನ್ನ ಮೈ, ನಿನ್ನ ಇಷ್ಟ ಎಂದಳು ಗೆಳತಿ. ಮೂರೂ ಮಾತು ಮಗುವಿನ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಡಾಕ್ಟರು ಕೇಳಿದ್ದು ಮಗುವಿನ ಪ್ರಶ್ನೆಯನ್ನೇ.

ಸೀಟ್ ಬೆಲ್ಟಿನ ಆ ಹೋಲಿಕೆ ಅವರ ಸ್ವಂತದ್ದಲ್ಲ ಎಂದು ಆಮೇಲೆ ತಿಳಿಯಿತು. ಪ್ರಸೂತಿ ತಜ್ಞ ಲಾಕ್ಲನ್ ಡಿ ಕ್ರೆಸ್ಪಿನಿ ಮತ್ತು ಆಗ ಆಕ್ಸ್‌ಫರ್ಡಿನಲ್ಲಿದ್ದ ತತ್ವಶಾಸ್ತ್ರಜ್ಞ ಜೂಲಿಯನ್ ಸವುಲೆಸ್ಕು 2014ರಲ್ಲಿ ವೈದ್ಯಕೀಯ ನೀತಿಯ ಪತ್ರಿಕೆಯೊಂದರಲ್ಲಿ ಬರೆದ ಲೇಖನದ ಸಮಯದಲ್ಲಿ ಬಳಕೆಗೆ ಬಂದ ಮಾತದು. ಅವರ ವಾದ ಗಟ್ಟಿಯಾಗಿದೆ. ಮನೆ ಹೆರಿಗೆಯ ಚರ್ಚೆಯಲ್ಲಿ ಎಲ್ಲರೂ ಸಾವನ್ನಷ್ಟೇ ಲೆಕ್ಕ ಹಾಕುತ್ತಾರೆ. ಆದರೆ ಉಸಿರು ಕಟ್ಟಿ ಬದುಕುಳಿದ ಮಗು ಜೀವಮಾನವಿಡೀ ಆ ಪೆಟ್ಟನ್ನು ಹೊತ್ತು ಬಾಳಬೇಕು. ತಪ್ಪಿಸಬಹುದಾಗಿದ್ದ ಆ ಊನಕ್ಕೆ, ಎಷ್ಟೇ ಅಪರೂಪದ್ದಾದರೂ, ತಾಯಿಯ ಆಯ್ಕೆ ಹೊಣೆ ಎನ್ನುತ್ತಾರೆ ಅವರು. ನಾಳೆ ಹುಟ್ಟುವ ಮಗುವನ್ನು ಯಾರೂ ಕೇಳಿರುವುದಿಲ್ಲವಲ್ಲ.

ಮೊದಲು ಬೆಲ್ಟಿನ ಮಾತನ್ನೇ ಹಿಡಿಯುತ್ತೇನೆ. ಕಾರಿನ ಬೆಲ್ಟು ಯಾರ ಮೈಯನ್ನೂ ಕೊಯ್ಯುವುದಿಲ್ಲ. ನನ್ನ ಚೊಚ್ಚಲ ಹೆರಿಗೆ ನಗರದ ಒಂದು ಆಸ್ಪತ್ರೆಯಲ್ಲಿ ಆಯಿತು. ಒಳಗೆ ಹೋದ ಕೂಡಲೇ ಮಲಗಿಸಿದರು, ಎದ್ದು ಓಡಾಡಲು ಬಿಡಲಿಲ್ಲ. ಅಮ್ಮನನ್ನೂ ಗಂಡನನ್ನೂ ಹೊರಗೆ ನಿಲ್ಲಿಸಿದರು. ನೋವು ಸಾಲದೆಂದು ಡ್ರಿಪ್ ಹಾಕಿದರು. ನೋವು ಒಂದರ ಮೇಲೊಂದು ಬಿಡುವಿಲ್ಲದೆ ಬಂದಾಗ ಮಗುವಿನ ಎದೆಬಡಿತ ಇಳಿಯಿತೆಂದು ಗಾಬರಿಯಾದರು. ಕೊನೆಗೆ ಒಂದು ಮಾತೂ ಹೇಳದೆ ಕತ್ತರಿ ಹಾಕಿ ಮಗುವನ್ನು ಹೊರಗೆಳೆದರು. ನಾನು ಅತ್ತಾಗ “ಸುಮ್ನಿರು, ಮಗು ಚೆನ್ನಾಗಿದೆಯಲ್ಲ” ಎಂದರು. ಮಗು ಚೆನ್ನಾಗಿತ್ತು. ಆದರೆ ಆ ಒಂದು ಮಾತಿನಿಂದ ಮಿಕ್ಕದ್ದನ್ನೆಲ್ಲ ಅಳಿಸಿಬಿಡಬಹುದು ಎಂಬ ನಂಬಿಕೆಯನ್ನು ನಾನು ಇಂದಿಗೂ ಒಪ್ಪುವುದಿಲ್ಲ.

ಇಲ್ಲಿ ಸವುಲೆಸ್ಕು ಕಡೆಯವರು ತಡೆದು ಒಂದು ಮಾತು ಕೇಳಬಹುದು: ನಿನ್ನ ಹೊಲಿಗೆ ಆರು ವಾರಕ್ಕೆ ಮಾಗಿತು, ಆಮ್ಲಜನಕ ಸಿಗದ ಮೆದುಳು ಮಾಗುವುದೇ? ಇಲ್ಲ. ಎರಡನ್ನೂ ತಕ್ಕಡಿಗೆ ಹಾಕಿದರೆ ನನ್ನ ನೋವು ಮೇಲೇಳುತ್ತದೆ. ನನ್ನ ಒಂದು ನೆಲೆಯನ್ನು ನಾನಾಗಿಯೇ ಬಿಟ್ಟುಕೊಡಬೇಕು.

ಆದರೆ ಆ ತಕ್ಕಡಿಯ ಬಗ್ಗೆಯೇ ನನಗೆ ತಕರಾರಿದೆ. ತಾಯಿ ಒಂದು ತಟ್ಟೆ, ಮಗು ಇನ್ನೊಂದು ತಟ್ಟೆ, ಒಬ್ಬರ ಸುಖ ಇನ್ನೊಬ್ಬರ ಅಪಾಯ ಎಂಬ ಚಿತ್ರವೇ ಹೆರಿಗೆಯ ಮಟ್ಟಿಗೆ ಸುಳ್ಳು. ಹೆದರಿದ ಹೆಂಗಸಿನ ಬೇನೆ ತಡೆಯುತ್ತದೆ; ತಡೆದದ್ದಕ್ಕೆ ಡ್ರಿಪ್, ಡ್ರಿಪ್ಪಿನಿಂದ ಮಗುವಿಗೆ ಸಂಕಟ, ಆ ಸಂಕಟಕ್ಕೆ ಕತ್ತರಿ. ಬೇನೆಯುದ್ದಕ್ಕೂ ಪಕ್ಕದಲ್ಲಿ ಒಬ್ಬರು ಬಿಡದೆ ಇದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ, ಸಹಜ ಹೆರಿಗೆ ಹೆಚ್ಚುತ್ತದೆ ಎಂಬುದು ಹಲವು ದೇಶಗಳ ಪ್ರಯೋಗಗಳಿಂದ ಸಿದ್ಧವಾಗಿರುವ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಒಂದು ಸಮುದಾಯದಲ್ಲಿ ಸಿಸೇರಿಯನ್ ಪ್ರಮಾಣ ಶೇ. 10 ದಾಟಿದ ಮೇಲೆ ಸಾವು ಮತ್ತಷ್ಟು ಇಳಿದದ್ದು ಕಾಣುವುದಿಲ್ಲ ಎಂದಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಪ್ರಮಾಣ ಶೇ. 31 ದಾಟಿದೆ, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಮಿಗಿಲು. ಇಷ್ಟು ಕೊಯ್ಯುವ ಬೆಲ್ಟನ್ನು ಬರೀ ಬೆಲ್ಟು ಎಂದು ಕರೆಯಬಾರದು. ಅದರ ಅಪಾಯವನ್ನೂ ಲೆಕ್ಕಕ್ಕೆ ತರಬೇಕು.

ಲೆಕ್ಕಕ್ಕೆ ತಂದವರಿದ್ದಾರೆ. ಇಂಗ್ಲೆಂಡಿನಲ್ಲಿ ತೊಡಕಿಲ್ಲದ ಸುಮಾರು 64 ಸಾವಿರ ಬಸುರಿಯರನ್ನು ಗಮನಿಸಿದ ಅಧ್ಯಯನ 2011ರಲ್ಲಿ ಹೊರಬಂತು. ಎರಡನೆಯ ಅಥವಾ ನಂತರದ ಹೆರಿಗೆಯನ್ನು ಮನೆಯಲ್ಲಿ ಯೋಜಿಸಿಕೊಂಡವರ ಮಕ್ಕಳಿಗೆ ಅಪಾಯ ಹೆಚ್ಚಿರಲಿಲ್ಲ. ಇದನ್ನು ಓದಿದಾಗ ಎದೆ ಹಗುರವಾಯಿತು. ಅದೇ ಅಧ್ಯಯನದ ಇನ್ನೊಂದು ಸಾಲನ್ನು ಮುಚ್ಚಿಟ್ಟರೆ ಈ ಪ್ರಬಂಧ ಬರೆಯುವ ಯೋಗ್ಯತೆ ನನಗಿರುವುದಿಲ್ಲ: ಚೊಚ್ಚಲ ಹೆರಿಗೆಯಲ್ಲಿ ಮಗುವಿಗೆ ಸಾವು ಅಥವಾ ಗಂಭೀರ ಪೆಟ್ಟು ತಗಲಿದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3. ಮನೆಯೆಂದು ನಿಶ್ಚಯಿಸಿದ್ದ ಚೊಚ್ಚಲು ಬಸುರಿಯರಲ್ಲಿ ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಂದರೆ ಸವುಲೆಸ್ಕು ಹೇಳಿದ್ದು ಮೊದಲ ಮಗುವಿನ ಮಟ್ಟಿಗೆ ತಪ್ಪಲ್ಲ. ಅದೂ ನುರಿತ ಮಿಡ್‌ವೈಫ್, ಕರೆದರೆ ಬರುವ ಆಂಬುಲೆನ್ಸು, ಬಾಗಿಲು ತೆರೆದು ಕಾಯುವ ಆಸ್ಪತ್ರೆ, ಮೂರೂ ಒಂದೇ ಸರಪಳಿಯಲ್ಲಿರುವ ದೇಶದಲ್ಲಿ.

ನಮ್ಮಲ್ಲಿ? ನಮ್ಮ ದೊಡ್ಡಮ್ಮ ಶಿರಾ ಸೀಮೆಯ ಹಳ್ಳಿಯೊಂದರಲ್ಲಿ ಮೂರನೆಯ ಮಗುವನ್ನು ಹೆತ್ತು ಸತ್ತಳು. ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಎತ್ತಿನ ಗಾಡಿ ಕಟ್ಟಿದರು, ಗಾಡಿ ಊರ ಕೆರೆ ಏರಿ ದಾಟಲಿಲ್ಲ. ಪಕ್ಕದಲ್ಲಿದ್ದ ಸೂಲಗಿತ್ತಿ ಹತ್ತಾರು ವರ್ಷ ಪಳಗಿದವಳು. ಅವಳ ಕೈಯಲ್ಲಿ ಸೂಜಿಮದ್ದು ಇರಲಿಲ್ಲ, ಅಷ್ಟೆ. ಅದೇ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಕಾಸು ಕೇಳದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ದೇಶ ಅವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರ ಹೆಸರನ್ನು ನನ್ನ ವಾದಕ್ಕೆ ಆಧಾರವಾಗಿ ಎಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಅವರು ಕೈಹಿಡಿದ ಹೆಂಗಸರಲ್ಲಿ ಬಹುಪಾಲು ಜನಕ್ಕೆ ಮನೆ ಒಂದು ಆಯ್ಕೆಯಾಗಿರಲಿಲ್ಲ, ಬೇರೆ ದಾರಿಯೇ ಇರಲಿಲ್ಲ. ದೇಶದಲ್ಲಿ ಆಸ್ಪತ್ರೆ ಹೆರಿಗೆ 2005-06ರಲ್ಲಿ ಶೇ. 38.7 ಇದ್ದದ್ದು 2019-21ಕ್ಕೆ ಶೇ. 88.6 ಆಯಿತು. ಈ ನಡುವೆ ಬದುಕುಳಿದ ಬಾಣಂತಿಯರನ್ನು ನೆನೆಯದೆ ಆಸ್ಪತ್ರೆಯನ್ನು ಬಯ್ಯುವುದು ಕೃತಘ್ನತೆ.

ನನ್ನ ಮನೆಯ ಹೆರಿಗೆ ಹೇಗಾಯಿತೆಂದು ಹೇಳುತ್ತೇನೆ. ಬಿ.ಪಿ. ಇರಲಿಲ್ಲ, ಸಕ್ಕರೆ ಇರಲಿಲ್ಲ, ಮಗುವಿನ ತಲೆ ಕೆಳಗಿತ್ತು. ಇವುಗಳಲ್ಲಿ ಒಂದು ತಪ್ಪಿದ್ದರೂ ಆ ಇಬ್ಬರು ಒಪ್ಪುತ್ತಿರಲಿಲ್ಲ. ಒಬ್ಬ ಪ್ರಸೂತಿ ತಜ್ಞೆಗೆ ವಿಷಯ ತಿಳಿಸಿಟ್ಟಿದ್ದೆವು. ಆಸ್ಪತ್ರೆಗೆ ರಾತ್ರಿ ಹೊತ್ತು ಹತ್ತು ನಿಮಿಷದ ದಾರಿ. ಗಂಡ ಕಾರನ್ನು ಗೇಟಿಗೆ ಮುಖಮಾಡಿ ನಿಲ್ಲಿಸಿದ್ದ. ನಾನು ಕಿಟಕಿಯ ಸರಳು ಹಿಡಿದು ನಿಂತೆ, ಬಗ್ಗಿದೆ, ಮಂಡಿಯೂರಿದೆ. ಅವರು ಪ್ರತಿ ಸಲ ಮೈ ಮುಟ್ಟುವ ಮುಂಚೆ ಕೇಳುತ್ತಿದ್ದರು, “ನೋಡ್ಲಾ ಅಕ್ಕ?” ಬೆಳಗಿನ ಜಾವ ಮಗು ಬಂತು, ಮಾಸೂ ಬಿತ್ತು. ಆಮೇಲೆ ರಕ್ತ ಹೆಚ್ಚಾಯಿತು. ಒಬ್ಬಳು ಹೊಟ್ಟೆ ತಿಕ್ಕಿದಳು, ಇನ್ನೊಬ್ಬಳು ತೊಡೆಗೆ ಆಕ್ಸಿಟೋಸಿನ್ ಚುಚ್ಚಿ ಗಡಿಯಾರ ನೋಡಿದಳು. “ಐದು ನಿಮಿಷ ಅಕ್ಕ. ಇಳೀಲಿಲ್ಲ ಅಂದ್ರೆ ಹೊರಡೋಣ.” ಇಳಿಯಿತು. ಆ ಐದು ನಿಮಿಷ ನಾನು ದೊಡ್ಡಮ್ಮನ ಜೊತೆ ಗಾಡಿಯಲ್ಲಿದ್ದೆ.

ಇಲ್ಲಿಗೆ ಬಂದ ಮೇಲೆ ನನ್ನ ವಾದ ನನ್ನ ಕೈಯಲ್ಲೇ ತಿರುಗಿಕೊಳ್ಳುತ್ತದೆ. ನನ್ನನ್ನು ಕಾಪಾಡಿದ್ದು ಮನೆಯ ಗೋಡೆಗಳಲ್ಲ. ಆ ಇಬ್ಬರು, ಒಂದು ಸೂಜಿ, ಒಂದು ಕಾರು. ಮನೆಯನ್ನು ಸಮರ್ಥಿಸಲು ಹೊರಟವಳು ಜೊತೆಗಾರ್ತಿಯರನ್ನು ಸಮರ್ಥಿಸುತ್ತಿದ್ದೇನೆ. ಅಂಥ ಇಬ್ಬರು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇದ್ದರೆ ಸಾಕಲ್ಲವೇ? ಕೇಂದ್ರ ಸರ್ಕಾರ 2018ರಲ್ಲೇ ಮಿಡ್‌ವೈಫ್ ಸೇವೆಗೆ ಮಾರ್ಗಸೂಚಿ ಹೊರಡಿಸಿ, ನರ್ಸುಗಳಿಗೆ ವಿಶೇಷ ತರಬೇತಿ ಕೊಟ್ಟು ಆಸ್ಪತ್ರೆಗಳಲ್ಲಿ ಸಹಜ ಹೆರಿಗೆಯನ್ನು ಅವರ ಕೈಗೊಪ್ಪಿಸುವ ದಾರಿ ಹಾಕಿದೆ. ಅದು ಬೇಗ ಬರಲಿ ಎಂದು ಮನಸಾರೆ ಬಯಸುತ್ತೇನೆ. ಆದರೂ ಪೂರ್ತಿ ಸಮಾಧಾನವಿಲ್ಲ. ನನ್ನ ಮನೆಯ ಹೊಸ್ತಿಲಲ್ಲಿ ಅವರು ಚಪ್ಪಲಿ ಬಿಟ್ಟು ಒಳಗೆ ಬಂದಿದ್ದರು. ಆಸ್ಪತ್ರೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟವಳು ನಾನು. “ನೋಡ್ಲಾ ಅಕ್ಕ” ಎಂಬ ಮಾತು ಆ ಹೊಸ್ತಿಲನ್ನು ದಾಟಿ ಬದುಕುತ್ತದೆಯೇ ಎಂದು ನನಗೆ ಅನುಮಾನ.

ಈಗ ತಂಗಿ ತುಂಬು ಬಸುರಿ, ಚೊಚ್ಚಲು. ಹೋದ ತಿಂಗಳು ಕೇಳಿದಳು, “ಅಕ್ಕ, ನಾನೂ ಮನೇಲೇ ಹೆರಲಾ?” ಬೇಡ ಎಂದೆ. “ಹಾಗಿದ್ರೆ ಆ ಡಾಕ್ಟರ್ ಮಾವ ಹೇಳಿದ್ದೇ ಸರಿ ಅಂತಾಯ್ತಲ್ಲ” ಎಂದಳು. ನಿನ್ನ ವಿಷಯದಲ್ಲಿ ಸರಿ ಎಂದೆ. ನನ್ನ ವಿಷಯದಲ್ಲಿ ಯಾಕೆ ಅಲ್ಲ ಎಂದು ಅವಳಿಗೆ ಅರ್ಥವಾಗುವಂತೆ ಹೇಳಲಾಗಲಿಲ್ಲ.

ಅವಳ ದಿನ ಮುಂದಿನ ವಾರ ತುಂಬುತ್ತದೆ. ಬಟ್ಟೆಯ ಚೀಲ ಕಟ್ಟಿಟ್ಟಿದ್ದಾಳೆ. ಆ ಆಸ್ಪತ್ರೆಯಲ್ಲಿ ಲೇಬರ್ ರೂಮಿನೊಳಗೆ ಮನೆಯವರಲ್ಲಿ ಒಬ್ಬರನ್ನು ಬಿಡುತ್ತಾರೆ. ನಾನು ಹೋಗುತ್ತೇನೆ.