ಒಪ್ಪಿಗೆಯ ಸಹಿ



ಹೋದ ವಾರ ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ತಂಗಿಯ ಮಗ ಫೋನ್ ಮಾಡಿದ. ಸಿಂದಗಿ ತಾಲೂಕಿನ ಹುಡುಗ. ಐಟಿಐ ಮುಗಿಸಿ ಬೆಂಗಳೂರಿನ ಹೊರವಲಯದಲ್ಲಿ ವಿದೇಶಿ ಬಂಡವಾಳದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ದುಡಿಯುತ್ತಾನೆ.

"ಮಾಮಾ, ಒಂದು ಫಾರ್ಮ್ ಕೊಟ್ಟಾರ. ದಿನಕ್ಕ ಹನ್ನೆರಡು ತಾಸು ದುಡಿಲಿಕ್ಕ ನನ್ನ ಒಪ್ಪಿಗಿ ಅದ ಅಂತ ಸಹಿ ಮಾಡಬೇಕಂತ. ಮಾಡ್ಲೇನು?"

"ಮಾಡ್ದಿದ್ರ ಏನಾಗ್ತದ?"

"ಏನೂ ಆಗೂದಿಲ್ಲ ಅಂತಾರ. ಆದ್ರ ನನ್ನ ಗುತ್ತಿಗಿ ಮುಂದಿನ ತಿಂಗಳು ಮುಗೀತದ."

ನಾಳೆ ಹೇಳ್ತೀನಿ ಎಂದು ಫೋನ್ ಇಟ್ಟೆ. ಹೇಳುವುದು ಏನನ್ನು ಎಂದು ಗೊತ್ತಿರಲಿಲ್ಲ.

ಆ ಫಾರ್ಮ್ ಎಲ್ಲಿಂದ ಬಂತು ಎಂಬುದು ನಮಗೆ ಗೊತ್ತಿರಬೇಕು. 2023ರ ಫೆಬ್ರುವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ದಿನಕ್ಕೆ 9 ತಾಸು ಇದ್ದ ಮಿತಿಯನ್ನು 12ರವರೆಗೆ ಏರಿಸಲು ಅವಕಾಶವಾಯಿತು. ವಾರಕ್ಕೆ 48 ತಾಸಿನ ಮಿತಿ ಉಳಿಯಿತು. ಆದರೆ ಮೂರು ತಿಂಗಳಿಗೆ 75 ತಾಸು ಇದ್ದ ಓವರ್‌ಟೈಮ್ 144ಕ್ಕೆ ಹೋಯಿತು. ಕಾರ್ಮಿಕ ಬರೆದು ಒಪ್ಪಿಗೆ ಕೊಡಬೇಕು ಎಂಬ ಮಾತೂ ಅದರಲ್ಲಿತ್ತು. ಈ ತಿದ್ದುಪಡಿಯ ಹಿಂದೆ ಆಪಲ್ ಮತ್ತು ಫಾಕ್ಸ್‌ಕಾನ್ ಕಂಪನಿಗಳ ಒತ್ತಾಯವಿತ್ತು ಎಂದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ವರದಿ ಮಾಡಿತು. ಹೊರಗಿನ ಬಂಡವಾಳ ಬೇಕೆಂದು ರಾಜ್ಯ ರಾಜ್ಯಗಳ ನಡುವೆ ಪೈಪೋಟಿ ನಡೆದಿರುವಾಗ ಭೂಮಿ, ನೀರು, ಕರೆಂಟಿನ ಜೊತೆಗೆ ದುಡಿಯುವವನ ತಾಸುಗಳನ್ನೂ ತಟ್ಟೆಯಲ್ಲಿಟ್ಟು ಕೊಟ್ಟಂತಾಯಿತು.

ರವಿವಾರ ವಿಹಾರದಲ್ಲಿ ಈ ಮಾತು ತೆಗೆದೆ. ಮುದ್ದೇಬಿಹಾಳ ಕಡೆಯ ಹಿರಿಯ ಉಪಾಸಕರೊಬ್ಬರು ನೇರವಾಗಿ ಹೇಳಿದರು: "ಸರ್, ಮೊದಲು ಕಾರ್ಖಾನಿ ಬರ್ಲಿ. ಕಾನೂನು ಆಮ್ಯಾಲೆ ನೋಡಿದ್ರಾತು. ನನ್ನ ಇಬ್ಬರು ಮಕ್ಕಳು ಗೋವಾದಾಗ ಗಾರೆ ಕೆಲಸಕ್ಕ ಅದಾರ. ಅಲ್ಲಿ ಅವರಿಗೆ ತಾಸಿನ ಲೆಕ್ಕ ಐತೇನು?"

ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕನ್ನೂ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಬರೆಯಿತು. ಇಂಥ ತಾಲೂಕಿಗೆ ಬರುವ ಹೂಡಿಕೆದಾರರಿಗೆ ಕೈಗಾರಿಕಾ ನೀತಿ ಹೆಚ್ಚಿನ ರಿಯಾಯಿತಿ ಕೊಡುತ್ತದೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂತೆಂದು ಸರ್ಕಾರ ಹೇಳಿತು. ಆಗಿನ ಕೈಗಾರಿಕಾ ಮಂತ್ರಿಗಳೂ ನಮ್ಮ ಜಿಲ್ಲೆಯವರೇ ಆಗಿದ್ದರು. ಆದರೂ ಸುಗ್ಗಿ ಮುಗಿದ ಮೇಲೆ ನಮ್ಮ ಊರುಗಳಿಂದ ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋಗುವುದು ನಿಂತಿಲ್ಲ.

ಇನ್ನೊಂದು ಮಾತನ್ನೂ ಒಪ್ಪಬೇಕು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನ ಅಳಿಯನ ಪಕ್ಕ ಕೂತವನು ನೀ ಯಾರ ಪೈಕಿ ಎಂದು ಕೇಳುವುದಿಲ್ಲ. ಅವನ ಊರಿನ ಹೋಟೆಲಿನಲ್ಲಿ ಇವತ್ತಿಗೂ ಕೇಳದೆ ಗೊತ್ತುಮಾಡಿಕೊಳ್ಳುತ್ತಾರೆ. ಬಾಬಾಸಾಹೇಬರು 1918ರಲ್ಲೇ, ಸಣ್ಣ ಹಿಡುವಳಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ, ಭೂಮಿಯ ಮೇಲೆ ಬಿದ್ದ ಹೆಚ್ಚುವರಿ ಜನರಿಗೆ ಕೈಗಾರಿಕೆಯೇ ದಾರಿ ಎಂದಿದ್ದರು. ನಾವು ಕಾರ್ಖಾನೆಯ ವಿರೋಧಿಗಳಲ್ಲ. ಕೂಟದಂತ ಸುತ್ತದಲ್ಲಿ ಯಜ್ಞ ಮಾಡಹೊರಟ ರಾಜನಿಗೆ ಪುರೋಹಿತ ಹೇಳುವುದೂ ಬಂಡವಾಳದ ಮಾತನ್ನೇ: ರೈತನಿಗೆ ಬೀಜ ಕೊಡು, ವ್ಯಾಪಾರಿಗೆ ಬಂಡವಾಳ ಕೊಡು, ಸೇವೆಯಲ್ಲಿರುವವನಿಗೆ ಊಟ ಮತ್ತು ವೇತನ ಕೊಡು ಎಂದು. ಬಂಡವಾಳದ ಜೊತೆಯಲ್ಲೇ ವೇತನವೂ ಬರುತ್ತದೆ ನೋಡಿ, ಆಮೇಲೆ ಅಲ್ಲ.

ಹಾಗಾದರೆ ನನ್ನನ್ನು ಕಾಡಿದ್ದು ಏನು? ಆ 'ಒಪ್ಪಿಗೆ' ಎಂಬ ಶಬ್ದ.

ನಮ್ಮ ಅಜ್ಜ ಬಾಗೇವಾಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಜೀತಕ್ಕಿದ್ದ. ಸೋದರತ್ತೆಯ ಮದುವೆಗೆ ಸಾಲ ತಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ್ದ. ಯಾರೂ ಕೈ ಹಿಡಿದು ಒತ್ತಿಸಿರಲಿಲ್ಲ. "ನೀನಾಗೇ ಒಪ್ಪಿ ಬಂದಿ, ನಾವು ಕರೆದಿಲ್ಲ" ಎಂದು ಧಣಿ ಹೇಳುತ್ತಿದ್ದನಂತೆ. ಅಜ್ಜನಿಗೂ ಅದು ನಿಜವೆಂದೇ ಅನ್ನಿಸಿತ್ತು. ಸಾಯುವ ತನಕ ತನ್ನ ಮೇಲೆ ಅನ್ಯಾಯವಾಗಿದೆ ಎಂದು ಅವನು ಅಂದದ್ದನ್ನು ನಾನು ಕೇಳಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅಂಥ ಸಾಲಗಳನ್ನೇ ಅಳಿಸಿಹಾಕಿತು. ಹಸಿದವನ ಹೆಬ್ಬೆಟ್ಟನ್ನು ಒಪ್ಪಿಗೆ ಎಂದು ಕಾನೂನು ಒಪ್ಪಲಿಲ್ಲ.

ಕಾರ್ಖಾನೆ ಜೀತವಲ್ಲ, ಹಾಗೆಂದರೆ ಅಜ್ಜನಿಗೇ ಅವಮಾನ. ಅಳಿಯನಿಗೆ ಪಿಎಫ್ ಇದೆ, ಬೇಡವೆಂದರೆ ಬಿಟ್ಟು ಬರಬಹುದು. ಆದರೆ ಬಿಟ್ಟು ಎಲ್ಲಿಗೆ? ಬಾಬಾಸಾಹೇಬರು 1947ರಲ್ಲಿ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಎಂಬ ಮನವಿಯಲ್ಲಿ ಇದೇ ಪ್ರಶ್ನೆ ಎತ್ತಿದ್ದರು. ಕೆಲಸವಿಲ್ಲದವನ ಮುಂದೆ ಒಂದು ನೌಕರಿ ಇಟ್ಟು, ತಾಸಿನ ಮಿತಿ ಇಲ್ಲ, ಸಂಘ ಸೇರುವಂತಿಲ್ಲ ಎಂದರೆ ಅವನು ಏನನ್ನು ಆರಿಸಿಕೊಳ್ಳುತ್ತಾನೆ ಎಂಬುದರಲ್ಲಿ ಸಂಶಯವೇ ಬೇಡ ಎಂಬುದು ಅವರ ವಾದ. ಅದಕ್ಕೇ ಕಾರ್ಮಿಕನ ಹಕ್ಕನ್ನು ಅವನ ಮತ್ತು ಮಾಲೀಕನ ನಡುವಿನ ಮಾತುಕತೆಗೆ ಬಿಡಲು ಅವರಿಗೆ ಮನಸ್ಸಿರಲಿಲ್ಲ. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರಲ್ಲ, ವಾರಕ್ಕೆ 54 ಇದ್ದ ತಾಸು 48ಕ್ಕೆ ಇಳಿದದ್ದು ಆ ಕಾಲದ 1946ರ ತಿದ್ದುಪಡಿಯಲ್ಲಿ. ಅದಕ್ಕೂ ಮೊದಲು, 1938ರ ನವೆಂಬರ್ 7ರಂದು, ಮುಷ್ಕರವನ್ನು ಅಪರಾಧ ಮಾಡುವ ಮುಂಬಯಿ ಮಸೂದೆಯ ವಿರುದ್ಧ ಅವರು ಮುಷ್ಕರಕ್ಕೇ ಇಳಿದಿದ್ದರು. ಆಗ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲೇ ಇತ್ತು ಎಂಬುದನ್ನು ನಾವು ಮರೆಯುತ್ತೇವೆ. ಆ ಕಾನೂನು ನಮ್ಮ ಅಜ್ಜಂದಿರ ಮೇಲೂ ಬರುವುದಿತ್ತು.

ಭಗವಾನರು ರಾಜಗೃಹದಲ್ಲಿ ಸಿಗಾಲ ಎಂಬ ಗೃಹಸ್ಥನ ಮಗನಿಗೆ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ಓದಿದೆ. ಯಜಮಾನನ ಕರ್ತವ್ಯಗಳು ಐದು: ದುಡಿಯುವವನ ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ವೇತನ, ಕಾಯಿಲೆಯಲ್ಲಿ ಆರೈಕೆ, ವಿಶೇಷ ಅಡಿಗೆಯಲ್ಲಿ ಪಾಲು, ಸಮಯಕ್ಕೆ ಬಿಡುವು. ಆಳಿಗೂ ಐದು ಕರ್ತವ್ಯಗಳಿವೆ, ಕೊಟ್ಟದ್ದನ್ನಷ್ಟೇ ತೆಗೆದುಕೊಳ್ಳುವುದು, ಕೆಲಸ ಚೆನ್ನಾಗಿ ಮಾಡುವುದು ಇತ್ಯಾದಿ. ನಾನು ಎಷ್ಟೋ ಸಲ ಓದಿದ ಸುತ್ತ. ಈ ಸಲ ಕಣ್ಣಿಗೆ ಬಿದ್ದದ್ದು ಬೇರೆ: ಆಳು ಒಪ್ಪಿದರೆ ಯಜಮಾನ ಈ ಐದನ್ನು ಬಿಡಬಹುದು ಎಂಬ ಮಾತು ಅಲ್ಲೆಲ್ಲೂ ಇಲ್ಲ. ಶಕ್ತಿ ಮೀರಿ ದುಡಿಸಬಾರದೆಂಬ ಶೀಲ ದುಡಿಸುವವನದು. ಅದನ್ನು ದುಡಿಯುವವನ ಸಹಿಯಿಂದ ತೊಳೆದುಕೊಳ್ಳಲು ಬರುವುದಿಲ್ಲ.

ಕಡಿಮೆ ಕೊಟ್ಟರೆ ಹೂಡಿಕೆ ನಿಲ್ಲುತ್ತದೆ ಎನ್ನುವವರಿಗೂ ಒಂದು ಲೆಕ್ಕವಿದೆ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದರು, ಬೆಂಕಿ ಹಚ್ಚಿದರು. ಅದು ನಮ್ಮ ದಾರಿಯಲ್ಲ. ರಾಜ್ಯದ ಹೆಸರು ಕೆಟ್ಟಿತು ಎಂದು ಎಲ್ಲರೂ ಕಾರ್ಮಿಕರನ್ನು ಬೈದರು. ವಾರ ಕಳೆಯುವಷ್ಟರಲ್ಲಿ ಕಂಪನಿಯೇ ಕೆಲವರಿಗೆ ಸರಿಯಾಗಿ ಪಗಾರ ಕೊಟ್ಟಿರಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಆಪಲ್ ಹೊಸ ಆರ್ಡರ್ ನಿಲ್ಲಿಸಿತು.

ಮರುದಿನ ಅಳಿಯನಿಗೆ ಫೋನ್ ಮಾಡಿದೆ. ಒಬ್ಬನೇ ನಿರ್ಧಾರ ಮಾಡಬೇಡ, ಜೊತೆಯವರನ್ನು ಕೇಳು, ಫಾರ್ಮಿನ ಫೋಟೋ ಕಳಿಸು, ಓದಿ ಹೇಳ್ತೀನಿ ಎಂದೆ.

"ಮುಂಜಾನೆನ ಸಹಿ ಮಾಡಿದೆ ಮಾಮಾ. ಎಲ್ಲಾರೂ ಮಾಡಿದ್ರು. ಫೋಟೋ ಹ್ಯಾಂಗ ತೆಗೀಲಿ, ಮೊಬೈಲ್ ಒಳಗ ಬಿಡೂದಿಲ್ಲಲ್ಲ."

ಅವನನ್ನು ಬೈಯಲಿಲ್ಲ. ಬರುವ ರವಿವಾರ ಮುಂಜಾನೆ ಹತ್ತಕ್ಕೆ ವಿಹಾರದಲ್ಲಿ ಸಿಗಾಲೋವಾದ ಸುತ್ತ ಓದುತ್ತೇವೆ. ಪುಣೆ, ಗೋವಾ, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳ ನೇಮಕಾತಿ ಪತ್ರ, ಪಗಾರ ಚೀಟಿ ಇದ್ದವರು ತನ್ನಿರಿ, ಜೊತೆಗೆ ಕೂತು ಓದೋಣ. ಮುದ್ದೇಬಿಹಾಳದ ಹಿರಿಯರೂ ಬರುತ್ತೇನೆಂದಿದ್ದಾರೆ. ಅವರ ಮಕ್ಕಳಿಗೆ ಯಾವ ಚೀಟಿಯೂ ಇಲ್ಲವಂತೆ.

ಭವತು ಸಬ್ಬ ಮಂಗಲಂ. ಜೈ ಭೀಮ್.