ಲಕ್ಕಮ್ಮ ವಾಪಸು ಕಳಿಸಿದ ಅಕ್ಕಿ

ಹಿಂದೆ ನಿಂತಿರೋರು ಮುಂದೆ ಬನ್ನಿ, ಜಾಗ ಇದೆ. ಗೋಡೆಗೆ ಒರಗಬೇಕು ಅನ್ನೋರು ಒರಗಿ ಕೂತ್ಕೊಳ್ಳಿ. ಮಂಡಿ ಮಡಚೋಕೆ ಆಗದವರು ಕಾಲು ಚಾಚಿ. ದೇವರ ಕಡೆಗೆ ಕಾಲು ಬಂತಲ್ಲ ಅಂತ ಮುಜುಗರ ಬೇಡ. ಇಷ್ಟು ದೊಡ್ಡ ಪ್ರಪಂಚ ನಡೆಸೋನಿಗೆ ನಿಮ್ಮ ಮಂಡಿನೋವು ಗೊತ್ತಾಗದೆ ಇರುತ್ತಾ?

ನಮ್ಮ ಅತ್ತಿಬೆಲೆಯಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಟೋಲ್ ದಾಟಿದರೆ ತಮಿಳು. ಆದರೆ ‘ಹೇಗಿದ್ದೀರಪ್ಪಾ’ ಅಂತ ಯಾವ ಭಾಷೆಯಲ್ಲಿ ಕೇಳಿದರೂ ಈಚೆಗೆ ಬರೋ ಉತ್ತರ ಒಂದೇ: ‘ಸಾಕಾಗಿದೆ’. ಬೊಮ್ಮಸಂದ್ರ, ಜಿಗಣಿ, ಆ ಕಡೆ ಹೊಸೂರಿನ ಸಿಪ್‌ಕಾಟ್, ಮೂರು ಪಾಳಿಯಲ್ಲಿ ದುಡಿಯೋ ಜನ ನಾವು. ದುಡಿದವನ ಸುಸ್ತು ಮಲಗಿದರೆ ಹೋಗುತ್ತೆ. ನಾನು ಇವತ್ತು ಮಾತಾಡೋದು ಮಲಗಿದರೂ ಹೋಗದ ಸುಸ್ತಿನ ಬಗ್ಗೆ. ವರ್ಷಗಟ್ಟಲೆ ಕಾಯಿಲೆ ಇರೋರ ಸುಸ್ತು. ಅದರ ಹಿಂದೆಯೇ ಬರೋ ಮನಸ್ಸಿನ ಕತ್ತಲೆ.

ಮೊನ್ನೆ ಒಬ್ಬ ತಾಯಿ ಬಂದು, ‘ಗುರುಗಳೇ, ನಮ್ಮ ಮನೆಯವರು ಸೋಮಾರಿ ಆಗಿಬಿಟ್ಟಿದ್ದಾರೆ, ಸ್ವಲ್ಪ ಬುದ್ಧಿ ಹೇಳಿ’ ಅಂದರು. ಏನಮ್ಮಾ ಮಾಡ್ತಾರೆ ಅಂದೆ. ‘ಬೆಳಗ್ಗೆ ಐದಕ್ಕೆ ಏಳ್ತಾರೆ. ಮಂಚದ ಅಂಚಲ್ಲಿ ಕೂತು ಒಂದು ಕಾಲಿಗೆ ಸಾಕ್ಸ್ ಹಾಕ್ತಾರೆ. ಇನ್ನೊಂದನ್ನ ಕೈಯಲ್ಲಿ ಹಿಡ್ಕೊಂಡು ಹಾಗೇ ಕೂತಿರ್ತಾರೆ. ನಾನು ಕಾಫಿ ಇಟ್ಟು ಬಂದು ನೋಡಿದರೆ ಸಾಕ್ಸ್ ಕೈಯಲ್ಲೇ ಇರುತ್ತೆ, ಕಾಫಿ ಕೆನೆ ಕಟ್ಟಿರುತ್ತೆ, ಕಂಪನಿ ಬಸ್ಸು ಹೋಗಿರುತ್ತೆ.’ ಕಾಯಿಲೆ ಏನು ಅಂತ ಕೇಳಿದೆ. ಕೀಲುವಾತ, ರುಮಟಾಯ್ಡ್ ಅಂತಾರಲ್ಲ, ಅದು. ಕಾಯಿಲೆಗೆ ಮುಂಚೆ? ‘ಮುಂಚೆ ಭಾನುವಾರನೂ ಓಟಿ ಮಾಡ್ತಿದ್ದರು.’ ಹಾಗಾದರೆ ನೀವೇ ಹೇಳಿ, ಭಾನುವಾರ ದುಡೀತಿದ್ದ ಮನುಷ್ಯನಿಗೆ ಸೋಮಾರಿತನ ಎಲ್ಲಿಂದ ಬಂತು?

ಆ ಕಾಯಿಲೆಯಲ್ಲಿ ಬೆಳಗಿನ ಹೊತ್ತು ಒಂದು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು, ಬೆರಳು ಬಿಗಿದುಕೊಂಡು ಮಡಚೋಕೇ ಆಗಲ್ಲ. ಒಳಗೆ ಉರಿಯೂತ ನಡೀತಿರೋವಾಗ ದೇಹ ಬಿಡೋ ರಾಸಾಯನಿಕಗಳು ಮೆದುಳಿಗೂ ಮುಟ್ಟಿ ‘ಏಳಬೇಡ, ಬಿದ್ದಿರು’ ಅನ್ನುತ್ತವೆ. ಕಿಡ್ನಿ ಕೆಟ್ಟವರದ್ದು ಬೇರೆ ಕಥೆ. ಮೂಳೆಮಜ್ಜೆಗೆ ರಕ್ತ ತಯಾರಿಸು ಅಂತ ಹೇಳೋ ಹಾರ್ಮೋನು ಕಿಡ್ನಿಯಿಂದಲೇ ಬರಬೇಕು. ಅದು ನಿಂತರೆ ಹಿಮೋಗ್ಲೋಬಿನ್ ಇಳಿಯುತ್ತೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವಾರಕ್ಕೆ ಮೂರು ಸಲ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಂಡು ಬಂದವರು ಆ ಸಂಜೆ ಮಾತೂ ಆಡಲ್ಲ. ಸಕ್ಕರೆ ಕಾಯಿಲೆಗೆ ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಕೆಲವರಿಗೆ ಬಿ12 ಇಳಿದಿರುತ್ತೆ. ಥೈರಾಯ್ಡ್ ಇರಬಹುದು, ರಕ್ತಹೀನತೆ ಇರಬಹುದು. ಇವೆಲ್ಲ ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗೋ ವಿಷಯ. ಅದಕ್ಕೇ ಆ ತಾಯಿಗೆ, ‘ಬುದ್ಧಿ ಹೇಳೋದು ಆಮೇಲೆ, ಮೊದಲು ಡಾಕ್ಟರ ಹತ್ತಿರ ಸುಸ್ತಿನ ಮಾತು ಎತ್ತಿ’ ಅಂದೆ. ನಾವು ನೋವು ಹೇಳ್ತೀವಿ, ಜ್ವರ ಹೇಳ್ತೀವಿ. ಸುಸ್ತು ಹೇಳೋಕೆ ನಾಚಿಕೆ.

ಪತಂಜಲಿ ಮಹರ್ಷಿಗೆ ಈ ನಾಚಿಕೆ ಇರಲಿಲ್ಲ. ಯೋಗಸೂತ್ರದ ಮೊದಲನೇ ಪಾದದಲ್ಲಿ ಸಾಧಕನಿಗೆ ಬರೋ ಒಂಬತ್ತು ಅಡ್ಡಿಗಳನ್ನ ಹೇಳ್ತಾರೆ. ಎಲ್ಲಕ್ಕಿಂತ ಮೊದಲು ಇಟ್ಟಿರೋದು ವ್ಯಾಧಿ. ಆಲಸ್ಯ ಐದನೆಯದು. ಎರಡೂ ಒಂದೇ ಆಗಿದ್ದರೆ ಸೂತ್ರಕಾರರು ಎರಡು ಸಲ ಯಾಕೆ ಬರೀತಿದ್ದರು? ಒಂದು ಅಕ್ಷರ ಉಳಿಸಿದರೂ ಹಬ್ಬ ಮಾಡೋ ಜನ ಅವರು. ಮುಂದಿನ ಸೂತ್ರದಲ್ಲಿ ಈ ಅಡ್ಡಿಗಳ ಬೆನ್ನಿಗೇ ಬರೋದನ್ನ ಹೇಳ್ತಾರೆ: ದುಃಖ, ದೌರ್ಮನಸ್ಯ, ಮೈ ನಡುಕ, ಏರುಪೇರಾದ ಉಸಿರಾಟ. ಮನಸ್ಸು ಕುಗ್ಗೋದು ವ್ಯಾಧಿಯ ಜೊತೆಗಾರ ಅಂತ ಅಷ್ಟು ಹಿಂದೆಯೇ ಪಟ್ಟಿ ಮಾಡಿಟ್ಟಿದ್ದಾರೆ. ಬೈಗುಳ ಎಲ್ಲೂ ಇಲ್ಲ.

ಸರಿ, ಬೈಯೋರು ಬೇರೆ ಯಾರೂ ಇಲ್ಲದಿದ್ದರೂ ನಮ್ಮನ್ನ ನಾವೇ ಬೈಕೊಳ್ತೀವಿ. ಶರಣರು ಕಾಯಕ ಮಾಡಿ ಅಂದರು, ನನ್ನ ಕೈಲಿ ಆಗ್ತಿಲ್ಲ, ನಾನು ಭೂಮಿಗೆ ಭಾರ. ಇದು ಹಾಸಿಗೆ ಹಿಡಿದವನ ಮನಸ್ಸಲ್ಲಿ ದಿನಾ ಓಡೋ ಮಾತು. ಅವರಿಗೆ ನಾನು ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳ್ತೀನಿ.

ಮಾರಯ್ಯ, ಲಕ್ಕಮ್ಮ ರಾಯಚೂರು ಸೀಮೆಯ ಅಮರೇಶ್ವರದ ಕಡೆಯವರು. ಹನ್ನೆರಡನೇ ಶತಮಾನ. ಕಲ್ಯಾಣಕ್ಕೆ ಬಂದು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡ್ತಿದ್ದರು. ಒಂದು ದಿನ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಯಾವ ಹೆಂಡತಿಗಾದರೂ ಖುಷಿ ಆಗಬೇಕು. ಲಕ್ಕಮ್ಮ ಮೊರಕ್ಕೆ ಸುರಿಸಿ ನೋಡಿದಳು. ‘ಇವತ್ತೇನು ಇಷ್ಟು? ನಮಗೆ ಬೇಕಾಗಿದ್ದು ಎಷ್ಟು? ಮಿಕ್ಕಿದ್ದನ್ನ ತಗೊಂಡು ಹೋಗಿ ಅಲ್ಲೇ ಹಾಕಿ ಬಾ’ ಅಂದಳು. ಮಾರಯ್ಯ ವಾಪಸು ಹೋಗಿ ಹಾಕಿ ಬಂದ. ಇದನ್ನ ಎಲ್ಲರೂ ಆಸೆ ಬಿಡಿ ಅನ್ನೋಕೆ ಹೇಳ್ತಾರೆ, ಸರಿಯೇ. ನನಗೆ ಇದರಲ್ಲಿ ಇನ್ನೊಂದು ಕಾಣುತ್ತೆ. ಕಾಯಕಕ್ಕೆ ಒಂದು ಅಳತೆ ಇದೆ. ಅಳತೆ ಮೀರಿದ್ದು ಕಾಯಕ ಆಗಲ್ಲ, ಅದು ಆಸೆ. ಮೀರಿದ್ದು ಅಕ್ಕಿಯೇ ಆಗಲಿ, ಮೈಯ ಕಸುವೇ ಆಗಲಿ.

ಹೆಣ್ಣುಮಕ್ಕಳು ಕೇಳಿ, ಇದು ನಿಮಗೇ. ನಾಲ್ಕು ದಿನ ಏಳೋಕಾಗದೆ ಬಿದ್ದಿರ್ತೀರಿ. ಐದನೇ ದಿನ ಮೈ ಸ್ವಲ್ಪ ಹಗುರ ಅನ್ನಿಸುತ್ತೆ. ತಕ್ಷಣ ಏನು ಮಾಡ್ತೀರಿ? ಬೆಡ್‌ಶೀಟೆಲ್ಲ ನೆನೆ ಹಾಕ್ತೀರಿ, ಅಟ್ಟದ ಡಬ್ಬ ಇಳಿಸ್ತೀರಿ, ಸ್ಟೌವ್ ಉಜ್ಜುತ್ತೀರಿ, ಪಾಪ ಮಕ್ಕಳು ವಾರದಿಂದ ಬಾಯಿಗೆ ರುಚಿಯಾಗಿ ಏನೂ ತಿಂದಿಲ್ಲ ಅಂತ ಒಬ್ಬಟ್ಟಿಗೆ ಬೇಳೆ ಇಡ್ತೀರಿ. ಸಂಜೆ ಹೊತ್ತಿಗೆ ಮತ್ತೆ ಹಾಸಿಗೆ, ಮತ್ತೆ ಮೂರು ದಿನ. ಆಗ ಮನಸ್ಸು ಹೇಳುತ್ತೆ, ನೋಡು, ನಿನ್ನ ಹಣೆಬರಹ ಇಷ್ಟೇ. ಅದು ಹಣೆಬರಹ ಅಲ್ಲಮ್ಮಾ, ಐದನೇ ದಿನ ಹೆಚ್ಚಿಗೆ ಆಯ್ದ ಅಕ್ಕಿ. ಇನ್ನೂ ಸ್ವಲ್ಪ ಆಗುತ್ತೆ ಅನ್ನಿಸೋವಾಗಲೇ ನಿಲ್ಲಿಸಿ. ಬೆಡ್‌ಶೀಟ್ ಒಂದು ಒಗೆದರೆ ಸಾಕು. ಚಪಾತಿ ಒತ್ತೋದನ್ನ ಸ್ಟೂಲ್ ಹಾಕ್ಕೊಂಡು ಕೂತು ಒತ್ತಿ. ಡಾಕ್ಟರುಗಳೂ ಇದನ್ನೇ ಹೇಳೋದು: ಒಳ್ಳೇ ದಿನ ಎಲ್ಲಾ ಖರ್ಚು ಮಾಡಬೇಡಿ ಅಂತ.

ಹಾಗಂತ ದಿನಪೂರ್ತಿ ಮಲಗಿರಿ ಅಂತಲೂ ಲಕ್ಕಮ್ಮ ಹೇಳಲ್ಲ. ಮಾರಯ್ಯ ಶರಣರ ಜೊತೆ ಮಾತಿಗೆ ಕೂತು ಕಾಯಕದ ಹೊತ್ತು ಮರೆತಾಗ ಎಬ್ಬಿಸಿ ಕಳಿಸಿದವಳೂ ಅವಳೇ. ಮಲಗಿದಷ್ಟೂ ಕಾಲಿನ ಕಸುವು ಇಳಿಯುತ್ತೆ, ಮನಸ್ಸು ಇನ್ನೂ ಕುಗ್ಗುತ್ತೆ. ಬೀದಿ ಕೊನೆಯ ಅಂಗಡಿವರೆಗೆ ಹೋಗಿ ಬನ್ನಿ, ಅದೂ ಆಗದಿದ್ದರೆ ಹೊಸಲು ದಾಟಿ ಜಗಲಿ ಮೇಲೆ ಬಿಸಿಲಿಗೆ ಕೂರಿ. ಎಷ್ಟು ಅಂತ ಪಕ್ಕದ ಮನೆಯವರನ್ನ ಕೇಳಬೇಡಿ, ನಿಮ್ಮ ಡಾಕ್ಟರನ್ನ ಕೇಳಿ, ನಿಮ್ಮ ಮೈಯನ್ನ ಕೇಳಿ.

ಇನ್ನು ಪಾಪದ ಮಾತು. ಯಾವ ಜನ್ಮದ ಕರ್ಮವೋ ಅಂತ ಕಾಯಿಲೆಯವರ ಎದುರಿಗೇ ಅಂದುಬಿಡೋರು ಇದ್ದಾರೆ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಕಥೆ ನಿಮಗೆ ಗೊತ್ತು. ಮಾನ್ವಿಯವರು, 1728ರಿಂದ 1809ರವರೆಗೆ ಬದುಕಿದವರು. ಮುಂಚೆ ಅವರು ಶ್ರೀನಿವಾಸಾಚಾರ್ಯರು, ದೊಡ್ಡ ಪಂಡಿತರು. ವಿಜಯದಾಸರು ಪ್ರಸಾದಕ್ಕೆ ಕರೆದಾಗ ಹೊಟ್ಟೆನೋವು ಅಂತ ನೆಪ ಹೇಳಿದರಂತೆ. ಆಮೇಲೆ ನಿಜವಾಗಿಯೂ ತಡೆಯಲಾಗದ ಹೊಟ್ಟೆಶೂಲೆ ಬಂತು. ಇಲ್ಲಿಗೇ ನಿಲ್ಲಿಸಿ ‘ನೋಡಿದ್ರಾ, ಅಹಂಕಾರದ ಫಲ’ ಅನ್ನೋ ರೀತಿ ನನಗೆ ಹಿಡಿಸಲ್ಲ. ಹೊಟ್ಟೆನೋವು ಬಂದವರೆಲ್ಲ ಅಹಂಕಾರಿಗಳಾದರೆ ಆಸ್ಪತ್ರೆಯ ಸಾಲಲ್ಲಿ ಮಗು ಯಾಕೆ ನಿಂತಿದೆ? ಕಥೆಯ ಸತ್ವ ಮುಂದಿದೆ. ಅವರು ಗೋಪಾಲದಾಸರ ಹತ್ತಿರ ಹೋದಾಗ, ಗೋಪಾಲದಾಸರು ಕಾರಣ ಕೇಳುತ್ತಾ ಕೂರಲಿಲ್ಲ. ತಮ್ಮ ಆಯುಷ್ಯದಲ್ಲೇ ನಲವತ್ತು ವರ್ಷ ತೆಗೆದು ಕೊಟ್ಟರು ಅಂತ ಕಥೆ. ಭಕ್ತಿಯಲ್ಲಿ ಭಾಗಣ್ಣ ಅಂತ ದಾಸರ ನಡುವೆ ಹೆಸರಾದದ್ದು ಇಂಥ ಮನುಷ್ಯ.

ನಮ್ಮಿಂದ ನಲವತ್ತು ವರ್ಷ ಕೊಡೋಕಾಗಲ್ಲ. ನಲವತ್ತು ನಿಮಿಷ ಆಗುತ್ತೆ. ಡಯಾಲಿಸಿಸ್ ದಿನ ಅವರ ಮಗುವನ್ನ ಶಾಲೆಯಿಂದ ಕರ್ಕೊಂಡು ಬನ್ನಿ. ಇಎಸ್‌ಐ ಸಾಲಲ್ಲಿ ಅವರ ಬದಲು ನಿಂತು ಚೀಟಿ ತನ್ನಿ. ಒಂದು ಕೊಡ ನೀರು ಮೇಲಕ್ಕೆ ಹೊತ್ತು ಕೊಡಿ. ‘ಏನಾದ್ರೂ ಬೇಕಾದ್ರೆ ಹೇಳಿ’ ಅನ್ನಬೇಡಿ. ಅವರು ಹೇಳಲ್ಲ.

ಮನಸ್ಸಿನ ವಿಷಯಕ್ಕೆ ಬರ್ತೀನಿ. ಮಾತು ಬಿಟ್ಟಿದ್ದಾರೆ, ಟಿವಿ ಬೇಡ, ಊಟ ಬೇಡ, ಮೊಮ್ಮಗು ಬಂದರೂ ನೋಡಲ್ಲ. ಮನೆಯವರು, ‘ವೈರಾಗ್ಯ ಬಂದಿದೆ ಗುರುಗಳೇ’ ಅಂತ ಹೆಮ್ಮೆಯಿಂದ ಹೇಳ್ತಾರೆ. ವೈರಾಗ್ಯ ಬಂದವನು ಮೊಮ್ಮಗುವನ್ನ ನೋಡಿ ನಗ್ತಾನೆ, ನಾಳೆ ಬರದಿದ್ದರೆ ಅಳಲ್ಲ, ಅಷ್ಟೇ. ಇದು ಬೇರೆ. ಎರಡು ವಾರಕ್ಕೂ ಮಿಕ್ಕಿ ಹೀಗೇ ಇದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಮಾತ್ರೆ ಶುರು ಮಾಡಿದರೆ ಕೆಲಸ ಕಾಣೋಕೆ ಕೆಲವು ವಾರ ಬೇಕು, ನಾಲ್ಕು ದಿನಕ್ಕೆ ಬಿಟ್ಟುಬಿಡಬೇಡಿ. ಜಪ ಮಾಡಿ, ಬೇಡ ಅನ್ನಲ್ಲ, ಆದರೆ ಮಾತ್ರೆಯ ಬದಲು ಜಪ ಅಂತ ನಾನು ಹೇಳಿದೆ ಅಂತ ಯಾರಾದರೂ ಅಂದರೆ ನಂಬಬೇಡಿ.

ಹುಚ್ಚಾಸ್ಪತ್ರೆ ಅಂತ ಹೆದರೋರು ಒಂದು ಕೇಳಿ. ನಮ್ಮ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲೇ, 1970ರ ದಶಕದಲ್ಲೇ, ನಿಮ್ಹಾನ್ಸ್‌ನವರು ಹಳ್ಳಿಯವರಿಗಾಗಿ ಮಾನಸಿಕ ಆರೋಗ್ಯ ಕೇಂದ್ರ ತೆರೆದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಈ ಕಾಯಿಲೆಗಳನ್ನ ನೋಡಬಹುದು ಅಂತ ಅಲ್ಲಿ ಕಲಿಸಿದರು. ಆ ಕೆಲಸವೇ ಮುಂದೆ ಬಳ್ಳಾರಿ ಜಿಲ್ಲೆಗೆ ಹೋಗಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಮಾದರಿ ಆಯ್ತು. ದೇಶಕ್ಕೆ ದಾರಿ ತೋರಿಸಿದ ತಾಲ್ಲೂಕಿನವರು ನಾವು, ನಮಗೇ ನಾಚಿಕೆ ಯಾಕೆ? ಯಾರಾದರೂ ‘ಸತ್ತರೆ ಮೇಲು’ ಅಂದರೆ, ಬಾಯಿ ಮುಚ್ಚು, ಅಪಶಕುನ ಅನ್ನಬೇಡಿ. ಪಕ್ಕದಲ್ಲಿ ಕೂತು, ಹಾಗೆ ಮಾಡಿಕೊಳ್ಳೋ ಯೋಚನೆ ಇದೆಯಾ ಅಂತ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ. ಟೆಲಿ ಮಾನಸ್ ನಂಬರು 14416, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಈಗಲೇ ಮೊಬೈಲಲ್ಲಿ ಸೇವ್ ಮಾಡ್ಕೊಳ್ಳಿ, ನಾನು ಕಾಯ್ತೀನಿ.

ಶ್ರಾವಣ ನಡೀತಿದೆ, ಉಪವಾಸದವರು ಬಹಳ ಜನ ಇದ್ದೀರಿ. ವ್ರತ ಕೆಡಿಸದ ಎಂಟರ ಪಟ್ಟಿಯನ್ನ ಹಿಂದಿನವರು ಮಾಡಿದ್ದಾರೆ. ಅದರಲ್ಲಿ ಹಾಲು, ಹಣ್ಣು ಇದೆ, ಔಷಧ ಇದೆ, ಗುರುವಿನ ಮಾತೂ ಇದೆ. ಈಗ ಗುರು ಅಂತ ನೀವು ಕೂರಿಸಿರೋನು ಹೇಳ್ತಿದ್ದೀನಿ: ಸಕ್ಕರೆ ಕಾಯಿಲೆಯವರು ಊಟ ಬಿಡಬೇಡಿ, ಮಾತ್ರೆ ಬಿಡಬೇಡಿ. ಇನ್ನೊಂದು, ಕಿಡ್ನಿ ತೊಂದರೆ ಇರೋರಿಗೆ ಬಾಳೆಹಣ್ಣಿನ ರಸಾಯನ, ಎಳನೀರು ಎಷ್ಟೋ ಸಲ ಕೂಡದು, ಪೊಟ್ಯಾಸಿಯಂ ಏರಿ ಹೃದಯಕ್ಕೆ ಅಪಾಯ ಬರುತ್ತೆ. ‘ಪ್ರಸಾದ ಬೇಡ ಅನ್ನಬಾರದು’ ಅಂತ ದೊನ್ನೆ ಹಿಡ್ಕೊಂಡು ಅವರ ಹಿಂದೆ ಬೀಳಬೇಡಿ. ಕಣ್ಣಿಗೊತ್ತಿಕೊಂಡರೂ ಅದು ಪ್ರಸಾದವೇ.

ಕೊನೆಗೆ ದುಡ್ಡಿನ ಮಾತು. ದೇವಸ್ಥಾನದಲ್ಲಿ ಯಾಕೆ ಅನ್ನಬೇಡಿ, ಅರ್ಧ ಖಿನ್ನತೆ ಅಲ್ಲೇ ಇರೋದು. ಇಎಸ್‌ಐ ಕಾರ್ಡು ಇರೋರು ಕಾಯಿಲೆಯಲ್ಲಿ ರಜೆ ಹಾಕಿದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70 ಭಾಗ ಬರುತ್ತೆ. 34 ದೀರ್ಘ ಕಾಯಿಲೆಗಳ ಪಟ್ಟಿ ಒಂದಿದೆ. ಅದರಲ್ಲಿದ್ದರೆ ನೂರಕ್ಕೆ 80, ಎರಡು ವರ್ಷದವರೆಗೂ ಸಿಗಬಹುದು. ಕಿಡ್ನಿ ವೈಫಲ್ಯ, ಕ್ಯಾನ್ಸರ್, ಕ್ಷಯದ ಜೊತೆ ಖಿನ್ನತೆಯ ಒಂದು ಬಗೆಯೂ ಆ ಪಟ್ಟಿಯಲ್ಲಿದೆ. ಎಷ್ಟು ದಿನ ವಂತಿಗೆ ಕಟ್ಟಿರಬೇಕು ಅನ್ನೋ ಷರತ್ತುಗಳಿವೆ, ಡಾಕ್ಟರ ಸರ್ಟಿಫಿಕೇಟು ಬೇಕು. ಇದೆಲ್ಲ ತಿಳಿದ ಇಬ್ಬರು ಹುಡುಗರು ಮಂಗಳಾರತಿ ಆದಮೇಲೆ ಚಪ್ಪಲಿ ಬಿಡೋ ಜಾಗದ ಪಕ್ಕ ಟೇಬಲ್ ಹಾಕ್ಕೊಂಡು ಕೂತಿರ್ತಾರೆ. ಕಾರ್ಡಿನ ನಂಬರು ಕೊಟ್ಟರೆ ನೋಡಿ ಹೇಳ್ತಾರೆ. ಪ್ರಸಾದಕ್ಕೆ ರಾತ್ರಿ ಪಾಳಿಯವರು ಮೊದಲು ಹೋಗಲಿ, ಉಳಿದವರು ಭಜನೆ ಮುಗಿಸಿ ಏಳೋಣ.